ಕುಡಿದವನ ಪಾತ್ರ

ಕನ್ನಡಿಯಲ್ಲಿ ನೀಲಿ ದೀಪ ಮಿನುಗಿದಾಗ ವರಲಕ್ಷ್ಮಿ ಅದು ತನಗಲ್ಲ ಅಂದುಕೊಂಡಳು. ಶನಿವಾರದ ಮಧ್ಯಾಹ್ನ, ಅಮೆರಿಕದಲ್ಲಿ ಅವಳಿದ್ದ ಫೋರ್ಟ್ ಮಿಲ್‌ನಿಂದ ಶಾರ್ಲಟ್ ಕಡೆಗೆ ಹೋಗುವ ಹೆದ್ದಾರಿಯ ತುಂಬ ಕಾರುಗಳು, ಅವುಗಳಲ್ಲಿ ಅವಳಿಗಿಂತ ಜೋರಾಗಿ ಹೋಗುವವೇ ಹೆಚ್ಚು. ಪಾಪ, ಯಾರೋ ಸಿಕ್ಕಿಬಿದ್ದರು ಎಂದುಕೊಂಡು ಬಲಕ್ಕೆ ಸರಿದು ದಾರಿ ಬಿಟ್ಟಳು. ಪೊಲೀಸ್ ಕಾರೂ ಅವಳ ಹಿಂದೆಯೇ ಬಲಕ್ಕೆ ಸರಿಯಿತು.

ರಸ್ತೆಯ ಅಂಚಿನಲ್ಲಿ ಕಾರು ನಿಲ್ಲಿಸಿ ಎರಡೂ ಕೈಗಳನ್ನು ಸ್ಟೇರಿಂಗ್ ಮೇಲಿಟ್ಟು ಕೂತಳು. ಹಾಗೆ ಕೂರಬೇಕು ಎಂದು ಗಂಡ ಗುರುದತ್ ಹೇಳಿಕೊಟ್ಟಿದ್ದ. ಅದಕ್ಕಿಂತ ಮುಖ್ಯವಾದದ್ದನ್ನೂ ಹೇಳಿದ್ದ, ಸದ್ಯಕ್ಕೆ ಕಾರು ಮುಟ್ಟಬೇಡ ಅಂತ. ಅವನ ವೀಸಾ ಮುಂದುವರಿದು ಬಂದಿತ್ತು. ಅದಕ್ಕೆ ಅಂಟಿಕೊಂಡ ಹೆಂಡತಿಯ ವೀಸಾ ಮಾತ್ರ ಯಾವುದೋ ಆಫೀಸಿನ ಮೇಜಿನ ಮೇಲೆ ಹಾಯಾಗಿ ಮಲಗಿತ್ತು. ಅಂಥವರ ಡ್ರೈವಿಂಗ್ ಲೈಸೆನ್ಸಿನ ಆಯಸ್ಸೂ ವೀಸಾದ ಜೊತೆಗೇ ಮುಗಿಯುತ್ತದೆ. ಅವಳದು ಹೋದ ತಿಂಗಳು ಮುಗಿದಿತ್ತು. ಗುರುದತ್ ಸ್ನೇಹಿತ ಮುರಳೀಧರನ ಕಾರು ಹತ್ತಿ ಕ್ರಿಕೆಟ್ ಆಡಲು ಹೋದ ಮೇಲೆ ಬೀಗದ ಕೈ ತೆಗೆದುಕೊಂಡು ಹೊರಟುಬಂದಿದ್ದಳು.

ಹೊರಡಿಸಿದವನು ಪಕ್ಕದ ಸೀಟಿನಲ್ಲಿದ್ದ. ಫಿಂಟನ್ ಡೆವನಿ, ಐರ್ಲೆಂಡಿನವನು, ಅರವತ್ತು ದಾಟಿದ ನಟ, ಪಿಟೀಲಿನವನು, ಕಥೆ ಹೇಳುವವನು. ವರಲಕ್ಷ್ಮಿ ಲೈಬ್ರರಿಯಲ್ಲಿ ಮಕ್ಕಳ ಕಾರ್ಯಕ್ರಮಗಳನ್ನು ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದಳು. ಸಂಬಳ ಮುಟ್ಟಲು ವೀಸಾ ಬಿಡುತ್ತಿರಲಿಲ್ಲ. ಅಲ್ಲಿಗೆ ಕಥೆ ಹೇಳಲು ಬಂದವನಿಗೆ, ಇವಳು ಮೈಸೂರಿನಲ್ಲಿ ಪಿಟೀಲು ಕಲಿತವಳು ಎಂದು ಗೊತ್ತಾದ ಮೇಲೆ ಎಲ್ಲಿಲ್ಲದ ಅಕ್ಕರೆ. ತನಗೆ ಕಾರು ಬಿಡಲು ಬರುವುದಿಲ್ಲ ಎನ್ನುತ್ತಿದ್ದ. ಹಾಗಾಗಿ ಎರಡು ವರ್ಷದಿಂದ ಇವಳೇ ಅವನನ್ನು ಊರೂರಿಗೆ ಕರೆದೊಯ್ಯುತ್ತಿದ್ದಳು.

ದಾರಿಯುದ್ದಕ್ಕೂ ಅವನ ಪುರಾಣ. ನಾಟಕದ ತಂಡದೊಂದಿಗೆ ಅಮೆರಿಕಕ್ಕೆ ಬಂದದ್ದು, ತಂಡ ಹಿಂತಿರುಗಿದರೂ ತಾನು ಉಳಿದದ್ದು, ವಾಷಿಂಗ್ಟನ್ ಸುತ್ತಿನ ಪುಟ್ಟ ರಂಗಮಂದಿರಗಳು, ಆಮೇಲೆ ಅಟ್ಲಾಂಟದ ಪಬ್ಬುಗಳಲ್ಲಿ ಪಿಟೀಲು, ಈಗ ಶಾಲೆ, ಚರ್ಚು, ಲೈಬ್ರರಿ. ಅಪ್ಪ ಕುಡಿದೇ ಸತ್ತದ್ದರಿಂದ ಇವನು ಒಂದು ಹನಿ ಮುಟ್ಟಿದವನಲ್ಲ. ಪಬ್ಬಿನಲ್ಲೂ ನೀರಿನ ಲೋಟ. ಐರಿಷ್ ಕುಡುಕನ ಪಾತ್ರ ಮಾಡು, ವರ್ಷಗಟ್ಟಲೆ ಕೆಲಸ ಕೊಡುತ್ತೇನೆ ಎಂದ ನಿರ್ದೇಶಕನಿಗೆ ಕೈ ಮುಗಿದು ಎದ್ದುಬಂದವನು. ಒಮ್ಮೆ ಸಿನಿಮಾದವರು ಕರೆದಿದ್ದರಂತೆ, ಹೋಗಲಿಲ್ಲವಂತೆ. ಅಮ್ಮ ಸತ್ತಾಗಲೂ ಊರಿಗೆ ಹೋಗಲಿಲ್ಲವಂತೆ. ಎಂಥ ನಿರ್ಮೋಹಿ ಎಂದು ವರಲಕ್ಷ್ಮಿ ಬೆರಗಾಗಿದ್ದಳು. ಇವತ್ತು ಸಂಜೆ ಶಾರ್ಲಟ್‌ನ ಚರ್ಚೊಂದರ ಸಭಾಂಗಣದಲ್ಲಿ ಅವನೇ ಬರೆದ, ಅವನೊಬ್ಬನೇ ಆಡುವ ನಾಟಕವಿತ್ತು. ನಟನಾಗಿ ರಂಗ ಹತ್ತದೆ ಎಷ್ಟೋ ವರ್ಷವಾಗಿತ್ತು. ಒಂದು ವಾರದಿಂದ ಮಗುವಿನಂತೆ ಕುಣಿಯುತ್ತಿದ್ದ. ತನಗೆ ಬರಲಾಗುವುದಿಲ್ಲ ಎಂದು ಅವನಿಗೆ ಹೇಳಲು ಅವಳಿಗೆ ಬಾಯಿ ಬಂದಿರಲಿಲ್ಲ.

ಪೊಲೀಸಿನವನು ಎಳೆಯ ಹುಡುಗ. ನೆಗಡಿಯಾಗಿ ಮಾತುಮಾತಿಗೆ ಮೂಗು ಒರೆಸಿಕೊಳ್ಳುತ್ತಿದ್ದ. ಹಿಂದಿನ ಬ್ರೇಕ್ ದೀಪ ಉರಿಯುತ್ತಿಲ್ಲ ಎಂದ. ಲೈಸೆನ್ಸ್ ನೋಡಿದ, ಅವಳ ಮುಖ ನೋಡಿದ, ಮತ್ತೆ ಲೈಸೆನ್ಸ್ ನೋಡಿದ. ನಿನಗೆ ಇಂಗ್ಲಿಷ್ ಅರ್ಥವಾಗುತ್ತದೆಯೇ ಎಂದು ನಿಧಾನವಾಗಿ, ಜೋರಾಗಿ ಕೇಳಿದ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ ಬಂದಿದ್ದವಳು "ಯೆಸ್" ಎಂದಳು. ಎಲ್ಲಿಯವಳು, ಎಷ್ಟು ದಿನದಿಂದ ಇದ್ದೀ, ಯಾವ ಕಾಗದದ ಮೇಲೆ ಇದ್ದೀ ಎಂದೆಲ್ಲ ಕೇಳಿದ. ಡ್ಯಾಶ್‌ಬೋರ್ಡಿನೊಳಗೆ ಸದಾ ಇರುತ್ತಿದ್ದ ಜೆರಾಕ್ಸ್ ಪ್ರತಿಗಳನ್ನೆಲ್ಲ ತೆಗೆದುಕೊಟ್ಟಳು. ಅವನು ಅವನ್ನು ತೆಗೆದುಕೊಂಡು ತನ್ನ ಕಾರಿಗೆ ಹೋದ.

ಅವಳು ಫಿಂಟನ್‌ಗೆ ಕ್ಷಮೆ ಕೇಳಿದಳು. ಲೈಸೆನ್ಸ್ ಮುಗಿದಿದೆ, ಹೇಳಬೇಕಿತ್ತು, ನಾಚಿಕೆಯಾಯಿತು ಎಂದಳು. ಅವನು ಪಿಟೀಲಿನ ಪೆಟ್ಟಿಗೆಯನ್ನು ಅಪ್ಪಿಕೊಂಡು ಕೂತಿದ್ದ, ಹಣೆಯಿಂದ ಬೆವರು ಇಳಿಯುತ್ತಿತ್ತು. ಹೆದರುತ್ತಿರುವುದು ತಾನೊಬ್ಬಳೇ ಅಲ್ಲ ಎಂದು ಅವಳಿಗೆ ಆಗ ಹೊಳೆಯಿತು.

"ಅವನು ಈಗ ಬಂದು ನನಗೆ ಓಡಿಸು ಅನ್ನುತ್ತಾನೆ," ಎಂದ. "ಲೈಸೆನ್ಸ್ ಇಲ್ಲ ಅಂದರೆ ಬೇರೆ ಗುರುತಿನ ಚೀಟಿ ತೋರಿಸು ಅನ್ನುತ್ತಾನೆ. ಅದೂ ಇಲ್ಲ ಅಂದರೆ ಯಾಕಿಲ್ಲ ಅನ್ನುತ್ತಾನೆ."

"ಯಾಕಿಲ್ಲ?"

"ಆ ನಾಟಕದ ತಂಡ ವಾಪಸ್ ಹೋದ ದಿನವೇ ನನ್ನ ವೀಸಾ ಮುಗಿಯಿತು, ವರಾ. ಇಪ್ಪತ್ತೆಂಟು ವರ್ಷವಾಯಿತು."

ಆ ಸಿನಿಮಾಕ್ಕೆ ಯಾಕೆ ಹೋಗಲಿಲ್ಲ, ದೊಡ್ಡ ರಂಗಮಂದಿರಗಳ ಹತ್ತಿರ ಯಾಕೆ ಸುಳಿಯಲಿಲ್ಲ, ಅಮ್ಮ ಸತ್ತಾಗಲೂ ಊರಿಗೆ ಯಾಕೆ ಹೋಗಲಿಲ್ಲ, ಎಲ್ಲವೂ ಒಟ್ಟಿಗೆ ಅವಳಿಗೆ ಅರ್ಥವಾಯಿತು. ಈ ವರ್ಷ ಅಮೆರಿಕದ ಸರ್ಕಾರ ಬದಲಾಗಿತ್ತು. ದಿನಾ ಟಿವಿಯಲ್ಲಿ ಯಾರಾದರೊಬ್ಬರನ್ನು ಗಡೀಪಾರು ಮಾಡಿದ ಸುದ್ದಿ. ಇವನನ್ನು ಹಿಡಿದರೆ ಕಳಿಸುವುದು ಯಾರೂ ಉಳಿದಿಲ್ಲದ ಊರಿಗೆ. ಅವನನ್ನು ಕೂರಿಸಿಕೊಂಡು ಬಂದ ತನಗೇನು ಮಾಡುತ್ತಾರೋ ಎಂಬುದೂ ಅದರ ಬೆನ್ನಲ್ಲೇ ಬಂತು. ಆ ಯೋಚನೆ ಬಂದದ್ದಕ್ಕೆ ನಾಚಿಕೆಯೂ ಆಯಿತು.

"ಯಾರಿಗೂ ಹೇಳಬೇಡ," ಎಂದ ಫಿಂಟನ್. "ನಿನ್ನ ಗಂಡನಿಗೂ."

ಅವಳು ತಲೆಯಾಡಿಸುವಷ್ಟರಲ್ಲಿ ಪೊಲೀಸಿನವನು ಬಂದ. ನೀನು ಈ ಕಾರು ಓಡಿಸುವಂತಿಲ್ಲ, ಕೋರ್ಟಿಗೆ ಬರಬೇಕಾಗುತ್ತದೆ ಎಂದು ಅವಳಿಗೆ ಹೇಳಿ, ಬಗ್ಗಿ ಆಚೆ ಸೀಟಿನ ಕಡೆ ನೋಡಿದ.

"ಸರ್, ನೀವು ಓಡಿಸುತ್ತೀರಲ್ಲ?"

ಲಾರಿಯೊಂದು ಹಾದುಹೋಗಿ ಕಾರು ಅಲುಗಿತು. ಆಮೇಲೆ ಫಿಂಟನ್‌ನ ಕೆಳದುಟಿ ಜೋತುಬಿತ್ತು, ಕಣ್ಣು ಅರ್ಧ ಮುಚ್ಚಿತು, ಕತ್ತು ಒಂದು ಕಡೆಗೆ ವಾಲಿತು.

"ಓಡಿಸ್ತೀನಿ ಮಗಾ, ಯಾಕ್ ಓಡಿಸಲ್ಲ," ಎಂದ, ಅವಳು ಎಂದೂ ಕೇಳಿರದ ದನಿಯಲ್ಲಿ. "ಆದ್ರೆ ಬೆಳಗ್ಗೆಯಿಂದ ಹಾಕ್ತಾ ಇದೀನಿ. ನಂಗೆ ಎರಡು ರಸ್ತೆ ಕಾಣ್ತಿದೆ. ಯಾವುದರಲ್ಲಿ ಹೋಗ್ಲಿ, ನೀನೇ ಹೇಳು."

ಹುಡುಗ ನಕ್ಕುಬಿಟ್ಟ. ತನ್ನ ಅಜ್ಜಿಯ ಕಡೆಯವರೂ ಐರ್ಲೆಂಡಿನವರೇ, ಅಲ್ಲಿ ಯಾವ ಊರು ಎಂದು ವಿಚಾರಿಸಿದ. ನೀವು ಆರಾಮಾಗಿ ಕೂತಿರಿ ಸರ್ ಎಂದ. ಅವಳ ಕಡೆ ತಿರುಗಿದಾಗ ನಗು ಅಳಿಸಿಹೋಗಿತ್ತು. ಲೈಸೆನ್ಸ್ ಇರುವ ಯಾರನ್ನಾದರೂ ಕರೆಸಿಕೋ, ಅಲ್ಲಿಯವರೆಗೆ ನಾನು ಹಿಂದೆ ನಿಂತಿರುತ್ತೇನೆ ಎಂದ. ಕಾಗದಗಳ ಕಂತೆ ಇಟ್ಟುಕೊಂಡವಳನ್ನು ಇಷ್ಟು ಹೊತ್ತು ಕೆದಕಿದವನು, ಒಂದು ಚೂರು ಕಾಗದವಿಲ್ಲದವನ ಹತ್ತಿರ ಕಾಗದವನ್ನೇ ಕೇಳಲಿಲ್ಲ. ಬದುಕಿದೆವು ಎನಿಸಿತು, ಜೊತೆಗೆ ಹೊಟ್ಟೆ ಉರಿಯಿತು. ಫೋನಿನಲ್ಲಿ ಗುರುದತ್‌ಗೆ ಫಿಂಟನ್ ಪೊಲೀಸಿನವನಿಗೆ ಕುಡಿದಿದ್ದೇನೆ ಎಂದದ್ದನ್ನೂ ಸೇರಿಸಿ ವಿಷಯ ಹೇಳಿದಳು.

ಕಾಯುವ ಹೊತ್ತು ಮುಗಿಯಲೇ ಇಲ್ಲ. ಹಿಂದೆ ನೀಲಿ ದೀಪ ತಿರುಗುತ್ತಲೇ ಇತ್ತು, ಆದ್ದರಿಂದ ಫಿಂಟನ್ ಕುಡಿದವನಾಗಿಯೇ ಇರಬೇಕಾಗಿತ್ತು. ಹುಡುಗನಿಗೆ ಬೇಸರವಾಯಿತೇನೋ, ಒಮ್ಮೆ ಇಳಿದು ಬಂದು ಪೆಟ್ಟಿಗೆಯಲ್ಲಿ ಏನಿದೆ ಎಂದ. ಪಿಟೀಲು ಎಂದಾಗ, ಅಜ್ಜಿಗೆ ತುಂಬ ಇಷ್ಟವಿತ್ತು, ಒಂದು ಬಾರಿಸಿ ಎಂದ. ಫಿಂಟನ್ ತೂರಾಡುತ್ತ ಇಳಿದು, ರಸ್ತೆಯಂಚಿನ ಕಬ್ಬಿಣದ ಬೇಲಿಗೆ ಒರಗಿ ಬಾರಿಸತೊಡಗಿದ. ವರಲಕ್ಷ್ಮಿಗೆ ಗೊತ್ತಿದ್ದ ಮಟ್ಟು ಅದು. ಮಕ್ಕಳನ್ನು ಕುಣಿಸಲು ಅವನು ಬಾರಿಸುತ್ತಿದ್ದದ್ದು. ಈಗ ಕಮಾನು ಜಾರಿತು, ಸ್ವರ ತಪ್ಪಿತು, ತಾಳ ಕುಂಟಿತು. ಶ್ರುತಿ ಎಲ್ಲಿ ಸೇರಬೇಕೋ ಅಲ್ಲಿಂದ ಒಂದು ಕೂದಲು ಈಚೆಗೆ ಪ್ರತಿ ಸಲವೂ ಬೆರಳು ನಿಲ್ಲುತ್ತಿತ್ತು. ಅಷ್ಟು ಸರಿಯಾಗಿ ತಪ್ಪುವುದು ಕುಡಿದವನ ಕೈಲಾಗುವ ಕೆಲಸವಲ್ಲ. ಹುಡುಗ ಚಪ್ಪಾಳೆ ತಟ್ಟಿದ. ಅವಳಿಗೆ ನೋಡಲಾಗಲಿಲ್ಲ.

ಮುರಳೀಧರ ತನ್ನ ಕಾರಿನಲ್ಲಿ ಗುರುದತ್‌ನನ್ನು ತಂದು ಇಳಿಸಿ ಹೋದ. ಗುರುದತ್‌ನ ಬಿಳಿ ಪ್ಯಾಂಟಿನ ಮಂಡಿಯಲ್ಲಿ ಹುಲ್ಲಿನ ಕಲೆ ಹಾಗೇ ಇತ್ತು. ಅವನ ಲೈಸೆನ್ಸನ್ನು ಪೊಲೀಸಿನವನು ಎರಡೂ ಕಡೆ ತಿರುಗಿಸಿ ನೋಡಿದ. ಇವರನ್ನು ಮನೆಗೆ ಕರೆದುಕೊಂಡು ಹೋಗಿ ಮಲಗಿಸಿ ಎಂದು ಹೇಳಿ, ಫಿಂಟನ್‌ನ ತೋಳು ಹಿಡಿದು ಹಿಂದಿನ ಸೀಟಿನಲ್ಲಿ ತಾನೇ ಕೂರಿಸಿದ.

ಕನ್ನಡಿಯಲ್ಲಿ ನೀಲಿ ದೀಪ ಮರೆಯಾಗುವವರೆಗೂ ಗುರುದತ್ ನಿಧಾನವಾಗಿ ಕಾರು ಓಡಿಸಿದ.

"ಗ್ರೀನ್ ಕಾರ್ಡ್ ಅಪ್ಲೈ ಮಾಡೋವಾಗ ಇದನ್ನೂ ಹೇಳ್ಬೇಕು, ಗೊತ್ತಾ ನಿಂಗೆ?" ಎಂದ ಕೊನೆಗೆ. "ಈ ಮನುಷ್ಯ ಮುಟ್ಟೋದೇ ಇಲ್ಲ ಅಂತ ನೀನೇ ಹೇಳ್ತಿದ್ದೆ."

ಅವಳು ಸೀಟ್ ಬೆಲ್ಟ್ ಎಳೆದು ಸಿಕ್ಕಿಸಿಕೊಂಡಳು.

"ನಿಜ ಹೇಳು ವರಾ. ಕುಡಿದಿಲ್ಲ ಅಂದ್ರೆ ಹೇಳು, ಶಾರ್ಲಟ್‌ಗೇ ಡ್ರಾಪ್ ಮಾಡ್ತೀನಿ, ಪ್ರೋಗ್ರಾಂಗೆ ಟೈಮ್ ಇದೆ. ಆದ್ರೆ ಕುಡಿದಿಲ್ಲ ಅಂದ್ರೆ ಪೊಲೀಸ್ ಹತ್ರ ಯಾಕೆ ಹಾಗಂದ್ರು?"

ಫಿಂಟನ್‌ಗೆ ಕನ್ನಡ ಬಾರದು, ಆದರೆ ಶಾರ್ಲಟ್ ಎಂಬುದೂ ಪೊಲೀಸ್ ಎಂಬುದೂ ಅವನಿಗೂ ಅರ್ಥವಾಗುವ ಮಾತು. ಅವಳು ತಿರುಗಿ ನೋಡಿದಳು. ಅವನು ಅವಳನ್ನೇ ನೋಡುತ್ತಿದ್ದ, ಕಣ್ಣು ಪೂರ್ತಿ ತೆರೆದು.

"ಕುಡಿದಿದಾರೆ," ಎಂದಳು ವರಲಕ್ಷ್ಮಿ. "ತುಂಬಾ ಕುಡಿದಿದಾರೆ. ಮನೆಗೇ ಬಿಟ್ಬಿಡೋಣ."

ಗುರುದತ್ ಮುಂದಿನ ತಿರುವಿನಲ್ಲಿ ಹೆದ್ದಾರಿ ಇಳಿದು ಫೋರ್ಟ್ ಮಿಲ್ ಕಡೆಗೆ ಕಾರು ತಿರುಗಿಸಿದ. ಹಿಂದಿನಿಂದ ಮೆಲ್ಲಗೆ ಗೊರಕೆ ಕೇಳಿಸಿತು, ಸ್ವಲ್ಪ ಹೊತ್ತಿಗೆ ಜೋರಾಯಿತು. ಗುರುದತ್ ಮೂಗು ಸಿಂಡರಿಸಿಕೊಂಡು ತನ್ನ ಕಡೆಯ ಕಿಟಕಿ ಇಳಿಸಿದ.