ಕರಿಬಾವಿಯ ಕಮಾನು

ಕರಿಬಾವಿಯ ದಲಿತ ಕೇರಿಗೆ ಕುಡಿಯುವ ನೀರು ತರಲು ಮೀಸಲಿದ್ದ ನಾಲ್ಕು ಲಕ್ಷ ಎಂಬತ್ತು ಸಾವಿರ ರೂಪಾಯಿಯಲ್ಲಿ ಪಂಚಾಯಿತಿಯವರು ಊರ ಮುಂದೆ ಕಮಾನು ಕಟ್ಟಿದರು.

ಲೆಕ್ಕದ ಹಾಳೆಯಲ್ಲಿ ಅದು ಹಾಗೆ ಕಾಣುವುದಿಲ್ಲ. ಅಲ್ಲಿರುವುದು ‘ಕಾಲೊನಿ ಅಭಿವೃದ್ಧಿ, ನೂರಕ್ಕೆ ನೂರು ಖರ್ಚು’. ಕಲಬುರಗಿಯ ಅಧ್ಯಯನ ಸಂಸ್ಥೆಯೊಂದರಲ್ಲಿ ಹನ್ನೆರಡು ಪಂಚಾಯಿತಿಗಳ ಬಜೆಟ್ ಓದುತ್ತಿದ್ದ ಪಂಚಶೀಲಾಗೆ ಆ ನೂರೇ ಅನುಮಾನ ಹುಟ್ಟಿಸಿತು. ದಲಿತರ ಪಾಲಿನ ದುಡ್ಡನ್ನು ಒಂದು ಪೈಸೆ ಉಳಿಸದೆ ಖರ್ಚು ಮಾಡಿದ ಪಂಚಾಯಿತಿಯನ್ನು ಅವಳು ಈವರೆಗೆ ಕಂಡಿರಲಿಲ್ಲ. ಬೆಳಗಿನ ಬಸ್ಸಿಗೆ ಕಮಲಾಪುರಕ್ಕೆ ಹೋಗಿ, ಅಲ್ಲಿಂದ ಟಂಟಂ ಆಟೊ ಹಿಡಿದು ಕರಿಬಾವಿಯಲ್ಲಿ ಇಳಿದಳು.

ಕೇರಿಯಲ್ಲಿ ಮೊದಲು ಸಿಕ್ಕವಳು ಹಣಮಮ್ಮ. ಅರವತ್ತು ದಾಟಿದ ಕೂಲಿ ಹೆಂಗಸು, ಹೊಲದ ಬಾವಿಯಿಂದ ಕೊಡ ಹೊತ್ತು ಬಂದಿದ್ದಳು. ಪಂಚಶೀಲಾ ತನ್ನಲ್ಲಿದ್ದ ಗ್ರಾಮಸಭೆಯ ಠರಾವಿನ ನಕಲನ್ನು ಓದಿ ಹೇಳಿದಳು: ನಮ್ಮ ಕೇರಿಗೆ ನೀರಿನ ತೊಂದರೆ ಇಲ್ಲ, ನಮ್ಮ ಪಾಲಿನ ಹಣದಲ್ಲಿ ಕಮಾನು ಕಟ್ಟಬೇಕು. ಕೆಳಗೆ ಮೂವತ್ತೊಂದು ಹೆಂಗಸರ ಹೆಬ್ಬೆಟ್ಟು. ಐದನೆಯದು ಹಣಮಮ್ಮನದು.

ಮುದುಕಿ ಕೊಡ ಇಳಿಸಿದಳು. “ಒತ್ತಿದ್ದು ಖರೇ ಅದ. ಬರದಿದ್ದು ನಾವಲ್ಲ.”

ಆಮೇಲೆ ಒಂದೊಂದಾಗಿ ಹೊರಬಂತು. ಸಭೆಗೆ ಕೂತರೆ ಆ ದಿನದ ಕೂಲಿ ಹೋಗುತ್ತದೆ. ಅದಕ್ಕೇ ಹೆಂಗಸರು ಹೊಲಕ್ಕೆ ಹೊರಡುವ ಮೊದಲೇ ಪಂಚಾಯಿತಿ ಕಾರ್ಯದರ್ಶಿ ಪೀರಪ್ಪ ಪುಸ್ತಕ, ಶಾಯಿ ಹಿಡಿದು ಕೇರಿಗೇ ಬರುತ್ತಿದ್ದ. ಖಾಲಿ ಹಾಳೆಯ ಅಡಿಯಲ್ಲಿ ಹಾಜರಿಯ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದ. ಹತ್ತು ವರ್ಷದ ರೂಢಿ. ಎಂಥ ಅಂತಃಕರಣದ ಮನುಷ್ಯ ಎಂದು ಹೆಂಗಸರು ಅವನಿಗೆ ಚಹಾ ಕಾಸಿ ಕೊಡುತ್ತಿದ್ದರು. ಪಂಚಶೀಲಾ ನಕಲನ್ನು ಮತ್ತೆ ನೋಡಿದಳು. ಮೇಲಿನ ಸಾಲುಗಳ ಅಕ್ಷರಗಳು ದೊಡ್ಡದಾಗಿ, ಬಿಡಿಬಿಡಿಯಾಗಿದ್ದವು. ಹೆಬ್ಬೆಟ್ಟು ಹತ್ತಿರವಾದಂತೆ ಜಾಗ ಸಾಲದೆ ಸಣ್ಣಗಾಗಿದ್ದವು.

“ನಮ್ಮ ಕೈಲಿಂದೇ ನಮ್ಮ ಬಾಯಿಗಿ ಮಣ್ಣ ಹಾಕಿಸ್ಯಾನ, ಭಾಡ್ಯಾ,” ಎಂದಳು ಹಣಮಮ್ಮ. “ಇನ್ನ ನಳ ಬರಂಗಿಲ್ಲೇನವ್ವ?”

ಅದಕ್ಕೆ ಉತ್ತರ, ಈ ಬಜೆಟ್‌ಗಳ ಬಗ್ಗೆ ಪಂಚಶೀಲಾಳ ಸಂಸ್ಥೆ ಸಿದ್ಧಪಡಿಸುತ್ತಿದ್ದ ವರದಿಯಲ್ಲೇ ಇತ್ತು. ‘ಕೊರತೆ ಇಲ್ಲ’ ಎಂದು ಅದು ಒಪ್ಪಿದರೆ, ಮುಂದಿನ ವರ್ಷದ ನೀರಿನ ಯೋಜನೆಯಿಂದ ಕೇರಿ ಬಿಟ್ಟುಹೋಗುತ್ತದೆ.

ಅವಳು ಕಲಬುರಗಿಗೆ ಮರಳಿದಾಗ ಮೂರು ಗಂಟೆ. ಐದಕ್ಕೆ ವರದಿ ಅಚ್ಚಿಗೆ ಹೋಗಬೇಕಿತ್ತು. ಸಂಸ್ಥೆಯ ಮುಖ್ಯಸ್ಥ ಸುನೀಲಕುಮಾರ, ಅವಳಿಗೆ ಬಜೆಟ್ ಓದಲು ಕಲಿಸಿದವರೇ, ಅವಳ ಎರಡು ಪುಟದ ಟಿಪ್ಪಣಿಯನ್ನು ಕೊನೆಯವರೆಗೂ ಓದಿ ಮಗುಚಿಟ್ಟರು. ಸುಳ್ಳು ಎನ್ನಲಿಲ್ಲ. ದುಡ್ಡು ಪೂರ್ತಿ ಖರ್ಚು ಮಾಡಿದ್ದಕ್ಕೆ ಕರಿಬಾವಿ ಪಂಚಾಯಿತಿಗೆ ಮುಂದಿನ ವಾರ ಸನ್ಮಾನವಿದೆ ಎಂದರು. ಬರುವ ವರ್ಷ ಸಂಸ್ಥೆಗೆ ಸಿಗುವ ಕೆಲಸ ಈ ವರದಿಯ ಮೇಲೇ ನಿಂತಿದೆ, ನಾಲ್ಕು ಜನರ ಪಗಾರವೂ, ಅದರಲ್ಲಿ ನಿನ್ನದೂ ಒಂದು ಎಂದರು. ನಂದೂರಿನ ದಾಲ್ ಮಿಲ್ಲಿನ ಧೂಳು ಕುಡಿದು ಅವಳ ಅಪ್ಪ ಮಾಣಿಕಪ್ಪ ಹಾಸಿಗೆ ಹಿಡಿದಿರುವುದು ಅವರಿಗೆ ಗೊತ್ತಿತ್ತು. ಅದನ್ನೂ ಮೆಲ್ಲಗೆ ವಿಚಾರಿಸಿದರು.

“ಅಧಿಕಾರ ಕೆಳಗ ಇಳಸ್ರಿ ಅಂತ ಮೂವತ್ತು ವರ್ಷ ಬಡಕೊಂಡವ್ರು ನಾವು. ಈಗ ಮಂದಿನೇ ಕುಂತು ಕಮಾನ ಬೇಕಂದ್ರ, ಬ್ಯಾಡ ಅನ್ಲಿಕ್ಕ ನಾವ್ಯಾರವ್ವ?”

“ಮಂದಿ ಕುಂತಿಲ್ರಿ ಸರ್. ಹೆಬ್ಬಟ್ಟಷ್ಟೇ ಕುಂತಾವ.”

ಅವರು ಅಚ್ಚಾದ ಹಾಳೆಯೊಂದನ್ನು ಅವಳ ಮುಂದೆ ಸರಿಸಿದರು. ‘ಖುದ್ದು ಸ್ಥಳ ಪರಿಶೀಲಿಸಿದ್ದೇನೆ. ಕೇರಿಯಲ್ಲಿ ನೀರಿನ ಕೊರತೆ ಕಂಡುಬಂದಿಲ್ಲ.’ ಕೆಳಗೆ ಅವಳದೇ ಹೆಸರು. ಫೋನು ಗುರುಗುಟ್ಟಿತು, ಪ್ರೆಸ್ಸಿನಿಂದ. ಅವರು ಎತ್ತಲಿಲ್ಲ.

“ಸಹಿ ಮಾಡು, ಪಂಚಶೀಲಾ. ಹೊತ್ತಾಗ್ಲಿಕ್ಕತ್ತದ.”

ಅವಳು ಹಾಳೆಯನ್ನು ಎರಡು ಸಲ ಓದಿ, ಮೇಜಿನ ಮೇಲೆ ಅವರತ್ತ ತಿರುಗಿಸಿಟ್ಟಳು.

“ಮಾಡಂಗಿಲ್ರಿ. ನಾ ಹೋಗಿ ನೋಡ್ಕೊಂಡು ಬಂದೀನಿ.”