ಪದರ ಪದರವಾಗಿ ಪೇರಿಸಿದ ಮಾಂಸ

ಟರ್ಕಿ ಮಾದರಿಯ ಕಬಾಬ್ ರೋಲ್ ಎಂಬ ಬೋರ್ಡು ಕಂಡಲ್ಲೆಲ್ಲ ತಮ್ಮ ನಿಲ್ಲುತ್ತಿದ್ದ. ಹಸಿವಿಗಲ್ಲ. ಆ ಪರದೇಶದ ನಗರದಲ್ಲಿ ತಲೆಮರೆಸಿಕೊಂಡಿದ್ದ ಭಾವನನ್ನು, ಅಕ್ಕನ ಗಂಡನನ್ನು, ಹಿಡಿಯಲು ಅವನಿಗಿದ್ದದ್ದು ಅದೊಂದೇ ಜಾಡು.

ಭಾವ ಹೆಸರು ಬದಲಿಸಿದ್ದಾನು, ಗಡ್ಡ ಬಿಟ್ಟಿದ್ದಾನು. ಆದರೆ ಯಂತ್ರದಲ್ಲಿ ಅರೆದ ಮಾಂಸವನ್ನು ಮಾತ್ರ ಒಲೆಯ ಮುಂದೆ ತಿರುಗುವ ಕಂಬಿಗೆ ಏರಿಸಲಾರ. ಟರ್ಕಿಯ ಮುದುಕನೊಬ್ಬನ ಕೈಕೆಳಗೆ ಪಳಗಿದವನು. ಕುರಿಯ ತೊಡೆಯನ್ನು ತೆಳ್ಳಗೆ ಸೀಳಿ, ನಡುನಡುವೆ ಬಾಲದ ಕೊಬ್ಬಿಟ್ಟು ಪದರ ಪದರವಾಗಿ ಪೇರಿಸಬೇಕು, ಅದೇ ಅವನ ಜಂಬ. ಒಂದು ದಿನ ಅವರ ಅಂಗಡಿಯಲ್ಲಿ ಹೊತ್ತಾಯಿತೆಂದು ಅಕ್ಕ ಅರೆದ ಮಾಂಸ ಏರಿಸಿಬಿಟ್ಟಿದ್ದಳು. ಭಾವ ಗಿರಾಕಿಗಳ ಎದುರಿಗೇ ಉದ್ದನೆಯ ಚೂರಿಯಿಂದ ಅವಳ ಕೆನ್ನೆಯನ್ನು ಕಿವಿಯಿಂದ ತುಟಿಯವರೆಗೆ ಸೀಳಿ, ಹಿಂಬಾಗಿಲಿಂದ ಪರಾರಿಯಾಗಿದ್ದ.

“ಕೊಂದು ಜೈಲಿಗೆ ಹೋಗ್ಬೇಡ ಕಣೋ,” ಎಂದಿದ್ದಳು ಅಕ್ಕ, ಬಾಯಿಯ ಒಂದೇ ಬದಿಯಿಂದ. “ಆ ಬಲಗೈ ಇನ್ನೊಬ್ಬಳ ಮುಖದ ಮೇಲೆ ಏಳಬಾರ್ದು. ಅಷ್ಟು ಮಾಡು ಸಾಕು.”

ತಮ್ಮ ಕುರಿಮಂದೆಯ ಹಿಂದೆ ಬೆಳೆದವನು. ಈಗ ಶೀತಲ ಗೋದಾಮಿನಲ್ಲಿ ಸುಲಿದ ಕುರಿಗಳನ್ನು ಹೆಗಲ ಮೇಲೆ ಹೊರುತ್ತಿದ್ದ. ಕೆಲಸ ಮುಗಿದದ್ದೇ ಬೀದಿ ಹಿಡಿಯುತ್ತಿದ್ದ. ಒಂದು ಕಡೆ ಮಾಂಸವೆಂದರೆ ರಬ್ಬರು, ಒಂದು ಕಡೆ ಹಿಟ್ಟು, ಒಂದು ಕಡೆ ಬರೀ ಸಾಸು. ಎರಡು ತುತ್ತು ಕಚ್ಚಿ ಉಗಿದು ಮುಂದೆ ನಡೆಯುತ್ತಿದ್ದ.

“ಏನ್ ರೋಲ್ ಸಾಹೇಬ್ರೇ, ಇವತ್ತು ಯಾವ ಅಂಗಡೀಲಿ ಹೆಣ್ಣು ನೋಡೋ ಶಾಸ್ತ್ರ?” ಎಂದು ಗೋದಾಮಿನ ಡ್ರೈವರ್ ಕಿಚಾಯಿಸಿದ.

“ಗಂಡು ನೋಡೋದಯ್ಯ,” ಎಂದ ತಮ್ಮ. ನಗಲಿಲ್ಲ.

ಟೈರ್ ಅಂಗಡಿಗಳ ಹಿಂದಿನ ಓಣಿಯಲ್ಲಿ, ಇಳಿಬಿಸಿಲಿನಲ್ಲಿ, ನಾಲಗೆ ಅದನ್ನು ಗುರುತಿಸಿತು. ತೊಡೆಯ ಎಳೆ, ಕರಗಿದ ಬಾಲದ ಕೊಬ್ಬು, ಸುಟ್ಟ ಅಂಚು. ಅವನಿಗೆ ಅರಿವಿಲ್ಲದೆಯೇ ಇನ್ನೊಂದು ತುತ್ತು ಗಂಟಲಿಗಿಳಿಯಿತು. ಅದು ರುಚಿಸಿದ್ದಕ್ಕೆ ತನ್ನ ಮೇಲೆಯೇ ಅಸಹ್ಯವಾಯಿತು.

“ಚೆನ್ನಾಗಿದ್ಯಾ?” ಕೊಯ್ಯುತ್ತಿದ್ದ ಹೆಂಗಸು ತಿರುಗಿದಳು. ತಲೆವಸ್ತ್ರ ಸರಿಯಿತು. ಕಿವಿಯಿಂದ ತುಟಿಯವರೆಗೆ ಗೆರೆ. ಹೊಲಿಗೆಯ ಗುರುತು ಇನ್ನೂ ಕೆಂಪಗಿತ್ತು.

ಆ ಬಲಗೈ ಆಗಲೇ ಇನ್ನೊಬ್ಬಳ ಮುಖದ ಮೇಲೆ ಎದ್ದಿತ್ತು. ತಾನು ತಡಮಾಡಿದ್ದ.

“ಯಾರದು?” ಎನ್ನುತ್ತ ಒಳಗಿನಿಂದ ಭಾವ ಬಂದ, ಕೈಯಲ್ಲಿ ಖಾಲಿ ಕಂಬಿ. ಕಣ್ಣು ಕೂಡಿದವು. “ಓ, ಕುರಿ ಕಾಯೋನು! ನಿಮ್ಮಕ್ಕನ ವಕಾಲತ್ತಾ?”

ಮಾತು ಮುಗಿಯುವ ಮೊದಲೇ ಕಂಬಿ ಬೀಸಿಬಂತು. ತಮ್ಮನ ಎಡ ಹೆಗಲಿನ ಮೂಳೆ ಲಟಕ್ಕೆಂದಿತು. ಎರಡನೆಯ ಏಟು ಕಿವಿಯನ್ನೂ ಹುಬ್ಬನ್ನೂ ಹರಿದುಹಾಕಿತು. ರಕ್ತ ಕಣ್ಣಿಗಿಳಿದು ಎಲ್ಲ ಮಂಜಾಯಿತು. ತಮ್ಮ ತಲೆ ಮುಂದಿಟ್ಟು ಟಗರಿನಂತೆ ಅಂಗಡಿಯೊಳಕ್ಕೆ ನುಗ್ಗಿದ. ಇಬ್ಬರೂ ಕಟ್ಟೆಗೆ ಬಡಿದು ಉರುಳಿದರು. ಈರುಳ್ಳಿ, ಗಾಜು, ಬಿಸಿ ಎಣ್ಣೆ. ಭಾವನ ಹೆಬ್ಬೆರಳು ಅವನ ಕಣ್ಣುಗುಡ್ಡೆ ಹುಡುಕುತ್ತಿತ್ತು.

ಆಗ ಷಟರ್ ದಡಾರನೆ ಇಳಿದ ಸದ್ದಾಯಿತು. ಇಳಿಸಿದ್ದು ಆ ಹೆಂಗಸು. ಒಳಗಿನಿಂದ.

“ಏ, ಚೂರಿ ಕೊಡೇ!” ಭಾವ ಅರಚಿದ.

ಅವಳು ಚೂರಿ ಕೊಡಲಿಲ್ಲ. ಒಲೆಯ ಉರಿ ಏರಿಸಿದಳು.

ತಮ್ಮ ಆ ಬಲಗೈಯನ್ನು ಹಿಡಿದು ತಿರುಚಿ, ಅವನನ್ನು ನೆಲದಿಂದ ಮೇಲಕ್ಕೆಳೆದು, ಮೈಭಾರವನ್ನೆಲ್ಲ ಹಾಕಿ, ಕೆಂಡದಂತೆ ಕಾದ ಒಲೆಯ ಜಾಲರಿಗೆ ಒತ್ತಿದ. ಚರ್ಮ ಚಟಪಟ ಸಿಡಿಯಿತು. ಬೊಬ್ಬೆ ಗೋಡೆಗೆ ಬಡಿಯಿತು. ಬೆರಳುಗಳು ಮುದುಡಿ ಕಪ್ಪಾಗುವವರೆಗೂ ಬಿಡಲಿಲ್ಲ. ಮೂಗಿಗೆ ಬಂದದ್ದು ಮಾಂಸದ ವಾಸನೆಯೇ.

“ಜಾರಿ ಬಿದ್ದು ಒಲೆ ಹಿಡ್ಕೊಂಡ ಅಂತೀನಿ,” ಎಂದಳು ಹೆಂಗಸು, ನೆಲದಲ್ಲಿ ಹೊರಳುತ್ತಿದ್ದ ಗಂಡನ ಮೇಲೆ ಕಾಲು ದಾಟಿಸುತ್ತ. “ನೀನು ಹೋಗು. ನಿಲ್ಲು, ನಿಮ್ಮಕ್ಕನಿಗೊಂದು ಕಟ್ಟಿಕೊಡ್ತೀನಿ.”

ಆ ರಾತ್ರಿಯೇ, ಅದೇ ನಗರದ ತಮ್ಮ ಬಾಡಿಗೆ ಕೋಣೆಯಲ್ಲಿ ಅಕ್ಕ ಕಾಗದ ಬಿಚ್ಚಿದಳು. ಪದರಗಳನ್ನು ಬೆರಳಿನಿಂದ ಬಿಡಿಸಿ ನೋಡಿದಳು. ತಮ್ಮನ ಜೋತುಬಿದ್ದ ಹೆಗಲನ್ನೂ ನೋಡಿದಳು.

“ಕೈ?”

“ಮುಗೀತು.”

ಸರಿಯಿದ್ದ ಬದಿಯಲ್ಲಿ ಒಂದು ತುತ್ತು ಅಗಿದಳು. “ಇದು ಅವನ ಕೈ ಅಲ್ಲ, ಉಪ್ಪು ಹದವಾಗಿದೆ. ಯಾರು ಪೇರಿಸಿದ್ದು?”

“ಅವನ ಈಗಿನ ಹೆಂಡತಿ.”

ಅಕ್ಕನ ಬೆರಳು ತನ್ನ ಕೆನ್ನೆಗೆ ಹೋಯಿತು. “ಅವಳಿಗೂ...?”

ತಮ್ಮ ಬೆರಳಿನಿಂದ ತನ್ನ ಕಿವಿಯಿಂದ ತುಟಿಯವರೆಗೆ ಗೆರೆ ಎಳೆದು ತೋರಿಸಿದ. ಅಕ್ಕ ಬಾಯಲ್ಲಿದ್ದ ತುತ್ತನ್ನು ಅಂಗೈಗೆ ಉಗಿದು, ಕಾಗದವನ್ನು ಮತ್ತೆ ಮಡಚಿದಳು.