ಬಾರದ ಬಸ್ಸಿಗೊಂದು ಶಾಲು

ಕೃಷ್ಣಮೂರ್ತಿಪುರಂನಲ್ಲಿ ಗುರುಸಿದ್ದಯ್ಯನವರ ಮನೆಯ ಜಗಲಿಗೆ ಅಪರಾಹ್ನದ ಬಿಸಿಲು ತಲುಪುವ ಹೊತ್ತಿಗೆ ಲೋಕಸಭೆಯ ಸ್ಥಾನಗಳ ಹಂಚಿಕೆ ಮುಗಿದಿರುತ್ತಿತ್ತು. ಉತ್ತರಕ್ಕೆ ಎಷ್ಟು, ದಕ್ಷಿಣಕ್ಕೆ ಎಷ್ಟು ಎಂಬುದನ್ನು ಅವರು ಪತ್ರಿಕೆಯನ್ನು ತೊಡೆಯ ಮೇಲಿಟ್ಟುಕೊಂಡು ದಿನವೂ ತೀರ್ಮಾನಿಸುತ್ತಿದ್ದರು. ಎರಡು ಅವಧಿ ನಗರಪಾಲಿಕೆಯ ಸದಸ್ಯರಾಗಿದ್ದವರು. ಈಗ ಪಾಲಿಕೆಯಲ್ಲಿ ಚುನಾಯಿತ ಸಭೆಯೇ ಇಲ್ಲ. ಚುನಾವಣೆ ಎಂದು ನಡೆದೀತೆಂದು ಜ್ಯೋತಿಷಿಗಳೂ ಹೇಳಲಾರರು. ಅಧಿಕಾರ ಹೋದರೂ ವಾರ್ಡಿನ ಜನರಿಗೆ ಜಗಲಿಯ ದಾರಿ ಮರೆತಿರಲಿಲ್ಲ.

ಅರವತ್ತೆಂಟರ ವಯಸ್ಸಿನಲ್ಲಿ ಅವರಿಗೆ ಅಂಟಿದ್ದ ದಣಿವು ಮಂಡಿನೋವಿನದಲ್ಲ. ದೇಶದ ಸಮಸ್ಯೆಗೆ ಅಭಿಪ್ರಾಯವೊಂದಿದ್ದರೆ ಸಾಕು. ಕಟ್ಟಿಕೊಂಡ ಚರಂಡಿಗೆ ಅಭಿಪ್ರಾಯ ಸಾಲದು, ಅದನ್ನು ಬಿಡಿಸುವ ಯಂತ್ರವೇ ಬರಬೇಕು. ಈ ಭೇದವನ್ನು ಅವರು ಬಹಳ ಹಿಂದೆಯೇ ಅರಿತಿದ್ದರು. ಅರಿತವರಾದ್ದರಿಂದಲೇ ವರ್ಷ ಕಳೆದಂತೆ ದೇಶದ ಕಡೆಗೆ ಹೆಚ್ಚು ಹೆಚ್ಚಾಗಿ ವಾಲಿದ್ದರು. ಹೊಸ್ತಿಲ ಮೇಲಿಟ್ಟ ದೀಪ ಒಳಗನ್ನೂ ಹೊರಗನ್ನೂ ಬೆಳಗಬೇಕೆಂದು ಹಿರಿಯರು ಹೇಳುತ್ತಾರೆ. ಇವರ ದೀಪ ದೂರದ ದೆಹಲಿಯನ್ನು ಬೆಳಗುತ್ತಿತ್ತು. ಎದುರಿನ ಬೀದಿ ಕತ್ತಲಲ್ಲಿತ್ತು.

ಆ ತಿಂಗಳ ಎಂಟನೆಯ ತಾರೀಕು ಮಧ್ಯಾಹ್ನ ಕುಸುಮ ಬಂದಳು. ಹಿಂದಿನ ಬೀದಿಯವಳು, ಹೆಬ್ಬಾಳದ ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗದಲ್ಲಿ ಗುತ್ತಿಗೆಯ ಕೆಲಸ. ಮನೆಯಲ್ಲಿ ಕಣ್ಣು ಕಾಣದ ಅತ್ತೆ ದೇವಿರಮ್ಮ. ಗಂಡ ತೀರಿಕೊಂಡು ನಾಲ್ಕು ವರ್ಷ. ಪಾಳಿ ಮುಗಿಸಿ ನೇರವಾಗಿ ಬಂದವಳ ಕೊರಳಲ್ಲಿ ಗುರುತಿನ ಚೀಟಿ ಇನ್ನೂ ತೂಗುತ್ತಿತ್ತು.

"ಸಾ, ಐದೂ ಹತ್ತರ ಬಸ್ ನಿಲ್ಲಿಸ್ಬುಟ್ಟವ್ರೆ."

"ಯಾವಾಗಿಂದಮ್ಮ?"

"ಒಂದ್ನೇ ತಾರೀಕಿಂದ. ನಾವು ಹದಿನಾಲ್ಕು ಜನ ಹೆಂಗಸ್ರು ಅದ್ರಲ್ಲೇ ಹೋಗ್ತಿದ್ದುದು. ಈಗ ಸಿಟಿ ಸ್ಟ್ಯಾಂಡಿಗೆ ನಡ್ಕೊಂಡ್ ಹೋದ್ರೂ ಅಲ್ಲಿ ಮೊದಲ್ನೇ ಬಸ್ಸು ಐದೂವರೆಗೇಯ. ಒಂದಿನ ಆರಕ್ಕೆ ಸರಿಯಾಗಿ ಮುಟ್ತದೆ, ಒಂದಿನ ಇಲ್ಲ. ಆರರ ಮೇಲೆ ಐದ್ ನಿಮಿಷ ಆದ್ರೆ ಗೇಟಲ್ಲಿ ಕೆಂಪು ಗುರುತು. ತಿಂಗಳಲ್ಲಿ ಮೂರು ಬಿದ್ರೆ ಕೆಲ್ಸದಿಂದ ತೆಗೆದೇಬುಡ್ತಾರೆ. ನಂದು ಒಂದಾಗೋಗದೆ. ಫೋನಲ್ಲೇ ದೂರು ಕೊಟ್ಟಿದೀನಿ, ನಂಬರೂ ಬಂದದೆ. ನೀವೊಂದ್ ಮಾತು ಹೇಳಿದ್ರೆ..."

ಒಳಗಿನಿಂದ ಹೆಂಡತಿ ಅಂಬುಜಮ್ಮನವರ ದನಿ ಬಂತು. "ರೀ, ಲೋಕಸಭೆ ಸೀಟು ಹಂಚಿ ಆಯ್ತಲ್ಲ, ಆ ಮಗೂಗೊಂದು ಬಸ್ಸಿನ ಸೀಟು ಕೊಡ್ಸಿ."

"ಆಯ್ತು ಕಣೇ, ಸುಮ್ನಿರು," ಎಂದು ಗುರುಸಿದ್ದಯ್ಯನವರು ಕನ್ನಡಕ ತೆಗೆದರು. "ಗುರುವಾರ ಸಾಯಂಕಾಲ ಡಿಪೋ ಸಾಹೇಬರನ್ನ ಸಮುದಾಯ ಭವನಕ್ಕೆ ಕರೆಸ್ತೀನಿ. ಮೊದಲು ಶಾಲು, ಆಮೇಲೆ ಸವಾಲು. ನೋಡ್ತಿರು ನೀನು."

ಇದು ಅವರ ಹಳೆಯ ಪದ್ಧತಿ. ಅಧಿಕಾರಿಯನ್ನು ದೂರುವುದಕ್ಕೆ ಮುನ್ನ ಸನ್ಮಾನಿಸಬೇಕು. ಮಾಡದ ಕೆಲಸಕ್ಕೆ ಪೇಟ ತೊಟ್ಟವನು ಆ ಸಂಕೋಚಕ್ಕಾದರೂ ಕೆಲಸ ಮಾಡುತ್ತಾನೆ. ಒಮ್ಮೆ ನೀರಿನ ಎಂಜಿನಿಯರೊಬ್ಬರು ಹಾರ ಹಾಕಿಸಿಕೊಂಡ ಮೂರನೆಯ ದಿನ ಒಡೆದ ಕೊಳವೆಯನ್ನು ಸರಿಪಡಿಸಿದ್ದರು. ಸ್ತುತಿಸಿದ ಮೇಲೆ ವರ ಕೊಡದೆ ದೇವತೆಗಳಿಗೂ ವಿಧಿಯಿಲ್ಲವೆಂಬುದು ಗುರುಸಿದ್ದಯ್ಯನವರ ನಂಬಿಕೆ. ಶಾಲುಗಳಿಗೂ ಕೊರತೆಯಿರಲಿಲ್ಲ. ಇಪ್ಪತ್ತು ವರ್ಷಗಳಲ್ಲಿ ಅವರಿಗೆ ಹೊದಿಸಿದ್ದವನ್ನೆಲ್ಲ ಅಂಬುಜಮ್ಮ ಮಡಿಸಿ ಬೀರುವಿನಲ್ಲಿಟ್ಟಿದ್ದರು. ಅವುಗಳಲ್ಲೊಂದು ಇಸ್ತ್ರಿಗೆ ಹೋಯಿತು.

ಗುರುವಾರ ನಾಲ್ಕು ಗಂಟೆಗೆ ಡಿಪೋ ಅಧಿಕಾರಿ ಚೈತನ್ಯ ಬಂದರು. ಮೂವತ್ತು ದಾಟದ, ಮೆಲುಮಾತಿನ ಮನುಷ್ಯ, ಊರಿಗೆ ಹೊಸಬರು. ಕುಸುಮಳ ಜೊತೆಗಾತಿ ನಾಗಮಣಿ ಪ್ರಾರ್ಥನೆ ಹಾಡಿದಳು. ಗುರುಸಿದ್ದಯ್ಯನವರು ಮಾತಿಗೆ ನಿಂತರು. ಎರಡು ನಿಮಿಷ ಸ್ವಾಗತ ಹೇಳಿ ಬಸ್ಸಿನ ವಿಷಯಕ್ಕೆ ಬರುವುದೆಂದು ಅವರು ನಿಜವಾಗಿಯೂ ನಿಶ್ಚಯಿಸಿದ್ದರು. ಆದರೆ ಧ್ವನಿವರ್ಧಕ ಕೈಗೆ ಸಿಕ್ಕೊಡನೆ ನಾಲಿಗೆ ತನಗೆ ಪರಿಚಿತವಾದ ದಾರಿಯನ್ನೇ ಹಿಡಿಯಿತು. ಇಡೀ ದೇಶಕ್ಕೆ ಒಂದೇ ಚುನಾವಣೆಯಾದರೆ ರಾಜ್ಯಗಳ ಗತಿಯೇನು, ಜನಗಣತಿಯ ನಂತರ ನಮ್ಮ ಸ್ಥಾನಗಳೇನಾಗುತ್ತವೆ, ಕಾವೇರಿಯ ನೀರು ಯಾರದು ಎಂದು ಮೂವತ್ತೈದು ನಿಮಿಷ ಹರಿದರು. ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು. ಬೆಳಗಿನ ಜಾವದಿಂದ ದುಡಿದ ಹೆಂಗಸರು ಹಿಂದಿನ ಸಾಲಿನಲ್ಲಿ ತೂಕಡಿಸಿದರು. ಚೈತನ್ಯ ಎರಡು ಸಲ ಗಡಿಯಾರ ನೋಡಿದರು. ಕೊನೆಗೆ ಗುರುಸಿದ್ದಯ್ಯನವರು, "ನಮ್ಮ ಬಡಾವಣೆಯ ಬಸ್ಸಿನ ವಿಷಯ ಸಾಹೇಬರಿಗೆ ತಿಳಿಯದ್ದೇನಲ್ಲ, ಅವರ ಸೇವೆಯನ್ನು ಸ್ಮರಿಸಿ ಈ ಕಿರುಕಾಣಿಕೆ" ಎಂದು ಶಾಲು ಹೊದಿಸಿ ಪೇಟ ತೊಡಿಸಿದರು.

ಮನವಿಯ ಹಾಳೆ ಹಿಡಿದು ಕುಸುಮ ಮುಂದೆ ಬಂದಳು. ಗುರುಸಿದ್ದಯ್ಯನವರ ಪಕ್ಷದ ಹುಡುಗರ ಮುಂದಾಳು ಲೋಕೇಶ್ ಕೈ ಅಡ್ಡ ಹಿಡಿದ. "ಇರಕ್ಕ, ಫೋಟೋ ಆಗ್ಲಿ, ಆಮೇಲ್ ಕೊಡುವಂತೆ."

ಫೋಟೋ ಆಯಿತು. ಆಮೇಲೆ ಸಾಹೇಬರಿಗೆ ಇನ್ನೊಂದು ಸಭೆಯಿತ್ತು.

ಸಂಕಲ್ಪದಲ್ಲಿ ಬೇಡಿಕೆಯನ್ನು ಹೇಳದೆ ಪೂಜೆ ಮುಗಿಸಿದವನು ಫಲವೆಲ್ಲಿ ಎಂದು ಕೇಳುವಂತಿಲ್ಲ. ಇದು ಗುರುಸಿದ್ದಯ್ಯನವರಿಗೆ ತಿಳಿಯದ ಸಂಗತಿಯಲ್ಲ. ಅಂದು ರಾತ್ರಿ ಊಟಕ್ಕೆ ಕುಳಿತಾಗ ಒಮ್ಮೆ ಮನಸ್ಸಿಗೆ ಬಂದೂ ಇತ್ತು. ನಾಳೆ ಫೋನು ಮಾಡಿದರಾಯಿತೆಂದು ಅನ್ನ ಕಲಸಿದರು. ನಾಳೆ ಎಂಬುದು ಆರು ದಿನವಾಯಿತು.

ಆರನೆಯ ದಿನ ಕುಸುಮ ಮತ್ತೆ ಬಂದಳು. ಈ ಸಲ ಜಗಲಿ ಹತ್ತಲಿಲ್ಲ. ಕೆಳಗೇ ನಿಂತು ಫೋನನ್ನು ಚಾಚಿದಳು. 'ನಿಮ್ಮ ದೂರು ಇತ್ಯರ್ಥವಾಗಿದೆ. ಸಾರ್ವಜನಿಕರು ಸಂತೃಪ್ತಿ ವ್ಯಕ್ತಪಡಿಸಿದ್ದಾರೆ.' ಕೆಳಗೆ ಚಿತ್ರ: ಪೇಟ ತೊಟ್ಟ ಚೈತನ್ಯ, ಪಕ್ಕದಲ್ಲಿ ನಗುತ್ತಿರುವ ಗುರುಸಿದ್ದಯ್ಯ, ಅಂಚಿನಲ್ಲಿ ಹಾಳೆ ಹಿಡಿದ ಕುಸುಮಳ ಅರ್ಧ ಮುಖ.

"ನಂದೇ ಫೋಟೋ ಹಾಕಿ ನನ್ ದೂರು ಮುಗಿಸ್ಬುಟ್ರು ಸಾ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವರಿಗೆ ಸುಲಭವಾಗುತ್ತಿತ್ತು. "ಇವತ್ತು ಎರಡನೇ ಗುರುತು ಬಿತ್ತು."

ಗುರುಸಿದ್ದಯ್ಯನವರು ಚಪ್ಪಲಿ ಮೆಟ್ಟಿ ಅವಳನ್ನು ಕರೆದುಕೊಂಡು ಆಟೋ ಹಿಡಿದರು.

ಡಿಪೋದಲ್ಲಿ ಕುಸುಮ ಮೊಗಸಾಲೆಯ ಬೆಂಚಿನ ಮೇಲೆ ಕುಳಿತಳು. ಕಚೇರಿಯೊಳಗೆ ಬೀರುವಿನ ಮೇಲೆ ಶಾಲು ಮಡಿಸಿದಂತೆಯೇ ಇತ್ತು. ಅದರ ಮೇಲೆ ಪೇಟ. ಚೈತನ್ಯ ಎದ್ದು ನಿಂತು ಕುರ್ಚಿ ತೋರಿಸಿದರು. ವಿಷಯ ಕೇಳಿ ಅವರ ಮುಖ ಬಾಡಿತು.

"ಸಾರ್, ನಮ್ಮ ಸಿಬ್ಬಂದಿ ಫೋಟೋ ನೋಡಿ ದೂರು ಮುಗಿಸಿದಾರೆ. ಅವರನ್ನ ನಾನು ಏನಂತ ಬಯ್ಯಲಿ? ಕೆಲಸ ಆಗದೆ ಯಾರಾದ್ರೂ ಸನ್ಮಾನ ಮಾಡ್ತಾರಾ ಹೇಳಿ."

"ನಾವು ಮಾಡ್ತೀವಿ," ಎಂದರು ಗುರುಸಿದ್ದಯ್ಯ, ನೆಲ ನೋಡುತ್ತ.

ಚೈತನ್ಯ ನಗಲಿಲ್ಲ. ಹೊಸದಾಗಿ ದೂರು ಕೊಟ್ಟರೆ ಅದು ಎರಡು ತಿಂಗಳ ನಂತರದ ಪರಿಶೀಲನೆಗೆ ಹೋಗುತ್ತದೆ; ಬಸ್ ಮಾರ್ಗಗಳನ್ನು ತೀರ್ಮಾನಿಸುವ ಸಭೆ ಇರುವುದು ನಾಳೆ ಬೆಳಿಗ್ಗೆ. ಹಳೆಯ ದೂರನ್ನು ಮತ್ತೆ ತೆರೆಯುವುದಾದರೆ ಇಂದೇ ಆಗಬೇಕು. ಅದಕ್ಕೆ, ಸನ್ಮಾನ ಮಾಡಿದವರೇ, ಕೆಲಸ ಆಗಿರಲಿಲ್ಲ, ಆದರೂ ಸನ್ಮಾನಿಸಿದೆವು ಎಂದು ಬರೆದುಕೊಡಬೇಕು. ಇಷ್ಟನ್ನು ಬಿಡಿಸಿ ಹೇಳಿ ಒಂದು ಬಿಳಿ ಹಾಳೆಯನ್ನು ಮುಂದಿಟ್ಟರು.

ಅಷ್ಟರಲ್ಲಿ ಲೋಕೇಶನ ಫೋನು ಬಂತು. ಕಚೇರಿಯವರೊಬ್ಬರಿಂದ ಸುದ್ದಿ ಆಗಲೇ ಮುಟ್ಟಿತ್ತು. ಗುರುಸಿದ್ದಯ್ಯನವರು ಮೊಗಸಾಲೆಗೆ ಬಂದರು.

"ಅಣ್ಣ, ದಮ್ಮಯ್ಯ, ಬರ್ದ್ ಗಿರ್ದ್ ಕೊಡ್ಬೇಡಿ. ಕೆಲ್ಸ ಆಗ್ದೆ ಶಾಲ್ ಹೊದಿಸ್ದೋರು ಅಂತ ಆ ಕಡೆಯೋರು ಮೈಕಲ್ಲಿ ಓದ್ತಾರೆ. ಎಲೆಕ್ಷನ್ ಇವತ್ತೋ ನಾಳೆಯೋ, ಪಟ್ಟೀಲಿ ನಿಮ್ ಹೆಸ್ರೇ ಮೊದಲ್ನೇದು."

"ಎಷ್ಟು ವರ್ಷದಿಂದ ಇವತ್ತೋ ನಾಳೆಯೋ ಲೋಕೇಶ?"

"ಅದಕ್ಕೇ ಕಣಣ್ಣ. ಇಷ್ಟು ದಿನ ಕಾದು ಈಗ ಕೆಡಿಸ್ಕೋತೀರಾ? ಒಂದ್ ಬಸ್ಸಿಗೆ?"

ಮೊಗಸಾಲೆಯ ಬೆಂಚಿನ ಮೇಲೆ ಕುಸುಮ ಗೋಡೆಗೊರಗಿ ಕುಳಿತಲ್ಲೇ ನಿದ್ದೆ ಹೋಗಿದ್ದಳು. ಗುರುತಿನ ಚೀಟಿಯ ಮೇಲೆ ಕೈ ಮುಚ್ಚಿಕೊಂಡಿತ್ತು, ಯಾರೋ ಕಿತ್ತುಕೊಳ್ಳುವರೇನೋ ಎಂಬಂತೆ. ಮೂರನೆಯ ಅವಧಿ ಎಂಬ ಮಾತಿಗಾಗಿ ತಾನು ಇಷ್ಟು ವರ್ಷ ಎಚ್ಚರವಾಗಿದ್ದೆನಲ್ಲ, ಎಂದುಕೊಂಡರು ಗುರುಸಿದ್ದಯ್ಯ. ಫೋನು ಇನ್ನೂ ಮಾತನಾಡುತ್ತಿತ್ತು. ಅದನ್ನು ಜೇಬಿಗೆ ಹಾಕಿ, ಅವಳನ್ನು ಎಬ್ಬಿಸಿ ಒಳಗೆ ಹೋದರು.

ಲೇಖನಿ ಹಿಡಿದು ಬರೆದರು: 'ರಾಷ್ಟ್ರದ ಸರ್ವತೋಮುಖ ಪ್ರಗತಿಯ ಈ ಪರ್ವಕಾಲದಲ್ಲಿ...'

ಭುಜದ ಹಿಂದಿನಿಂದ ಕುಸುಮ ಬಾಗಿ ನೋಡಿದಳು. "ಸಾ, ರಾಷ್ಟ್ರ ಬ್ಯಾಡ. ಬಸ್ ಬರೀರಿ."

ಚೈತನ್ಯ ಇನ್ನೊಂದು ಹಾಳೆ ಕೊಟ್ಟರು. ಗುರುಸಿದ್ದಯ್ಯನವರು ಬರೆದರು: 'ಐದೂ ಹತ್ತರ ಬಸ್ಸು ಒಂದನೆಯ ತಾರೀಕಿನಿಂದ ಬಂದಿಲ್ಲ. ಬಂದಿಲ್ಲವೆಂದು ತಿಳಿದೂ ನಾನು ಅಧಿಕಾರಿಗಳಿಗೆ ಸನ್ಮಾನ ಮಾಡಿದೆ. ತಪ್ಪು ನನ್ನದು. ಹದಿನಾಲ್ಕು ಮಂದಿ ಹೆಂಗಸರಿಗೆ ಬಸ್ಸು ಬೇಕು.' ಇಪ್ಪತ್ತು ವರ್ಷಗಳಲ್ಲಿ ಅವರು ಬರೆದ ಅತಿ ಚಿಕ್ಕ ಪತ್ರ ಅದು. ಹೆಸರಿನ ಕೆಳಗೆ ಮಾಜಿ ಸದಸ್ಯರ ಮೊಹರು ಒತ್ತಲು ಜೇಬು ಮುಟ್ಟಿಕೊಂಡರು, ಮೊಹರು ಮನೆಯಲ್ಲಿತ್ತು. ಹಾಗೆಯೇ ಕೊಟ್ಟರು.

ಪತ್ರದ ಚಿತ್ರ ಮರುದಿನವೇ ಫೋನಿನಿಂದ ಫೋನಿಗೆ ಓಡಾಡಿತು. ಆ ಕಡೆಯವರು ಅದಕ್ಕೊಂದು ಹಾಸ್ಯದ ಹಾಡನ್ನೂ ಜೋಡಿಸಿದರು. ಲೋಕೇಶ್ ಜಗಲಿಗೆ ಬರುವುದನ್ನು ಬಿಟ್ಟ. "ಹೋಗ್ಲಿ ಬಿಡಿ, ಕಾಫಿ ಪುಡಿ ಉಳೀತು," ಎಂದರು ಅಂಬುಜಮ್ಮ. ಆ ದಿನಗಳಲ್ಲಿ ಕುಸುಮ ಪ್ರತಿ ಬೆಳಗ್ಗೆ ಹೆಬ್ಬಾಳದ ನಿಲ್ದಾಣದಿಂದ ಗೇಟಿನವರೆಗೆ ಓಡಿದಳು. ಒಂದು ದಿನ ಅವಳು ಒಳಗೆ ಕಾಲಿಟ್ಟಾಗ ಗಡಿಯಾರ ಆರೂ ನಾಲ್ಕು ತೋರಿಸುತ್ತಿತ್ತಂತೆ.

ಏಳನೆಯ ದಿನ ಅವಳಿಗೆ ಸಂದೇಶ ಬಂತು: ನಾಳೆಯಿಂದ ಬಸ್ಸು. ಸಂದೇಶಗಳನ್ನು ನಂಬುವ ಕಾಲ ಅವಳಿಗೂ ಮುಗಿದಿತ್ತು, ಗುರುಸಿದ್ದಯ್ಯನವರಿಗೂ. ಬೆಳಗಿನ ಜಾವ ಐದಕ್ಕೆ ಅವರು ಮಫ್ಲರ್ ಸುತ್ತಿಕೊಂಡು ಬಡಾವಣೆಯ ನಿಲ್ದಾಣಕ್ಕೆ ಬಂದರು. ಹೆಂಗಸರು ಆಗಲೇ ನಿಂತಿದ್ದರು.

"ನೀವೆಲ್ಲಿಗೆ ಸಾ?" ಎಂದಳು ಕುಸುಮ.

"ಎಲ್ಲಿಗೂ ಇಲ್ಲ ಕಣಮ್ಮ. ಬತ್ತದೋ ಇಲ್ವೋ ನೋಡಕ್ಕೆ ಬಂದೆ."

ಐದೂ ಹನ್ನೆರಡಕ್ಕೆ ತಿರುವಿನಲ್ಲಿ ದೀಪಗಳು ಕಂಡವು. ಬಸ್ಸು ಬಂದು ನಿಂತಿತು. ನಾಗಮಣಿ ಬಾಳೆಲೆಯ ಪೊಟ್ಟಣ ಬಿಚ್ಚಿ ಒಂದು ಮೊಳ ಮಲ್ಲಿಗೆ ತೆಗೆದು ಬಸ್ಸಿನ ಮುಂಭಾಗಕ್ಕೆ ಕಟ್ಟಲು ಹೊರಟಳು. ಗುರುಸಿದ್ದಯ್ಯನವರು ಕೈಯೆತ್ತಿ ತಡೆದರು.

"ಇವತ್ತು ಬ್ಯಾಡ ತಾಯಿ. ನಾಳೆನೂ ಬರಲಿ. ನಾಡಿದ್ದೂ ಬರಲಿ. ಆಮೇಲೆ ನೋಡೋಣ."

ನಾಗಮಣಿ ಹೂವನ್ನೊಮ್ಮೆ ನೋಡಿದಳು, ಅವರನ್ನೊಮ್ಮೆ ನೋಡಿದಳು. ಆಮೇಲೆ ಅದನ್ನು ತನ್ನ ಜಡೆಗೇ ಮುಡಿದುಕೊಂಡು ಬಸ್ಸು ಹತ್ತಿದಳು.